ಇಲ್ಲಿ ಗ್ರೋಕ್ ಮಾಡಕೂಡದು

ಮುದ್ರಣಾಲಯದ ಹಿಂಬದಿಯ ಆ ಕ್ಯಾಂಟೀನಿನ ಯಜಮಾನಿಗೆ ಬಾಯಿ ಜೋರು ಎಂಬುದು ಇಡೀ ಬೀದಿಗೆ ಗೊತ್ತಿದ್ದ ಸಂಗತಿ. ಕೊಳೆತ ಟೊಮೆಟೊ ತಂದವನನ್ನು ಬುಟ್ಟಿಯ ಸಮೇತ ಹೊರಗಟ್ಟಿದವಳು ಆಕೆ. ಆದರೆ ಗಂಡನ ಅಣ್ಣನ ಎದುರು ಮಾತ್ರ ಆ ಬಾಯಿಗೆ ಬೀಗ ಬೀಳುತ್ತಿತ್ತು. ಗಂಡ ತೀರಿಕೊಂಡಾಗ ಕ್ಯಾಂಟೀನು ಕೈತಪ್ಪಿ ಹೋಗದಂತೆ ಬೆನ್ನಿಗೆ ನಿಂತವರು ಅವರೇ.

ಭಾವ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಪಾಠ ಹೇಳಿದ್ದಕ್ಕಿಂತ ಪರೀಕ್ಷೆಯ ಕೊಠಡಿ ಕಾದದ್ದೇ ಹೆಚ್ಚು. ನಿವೃತ್ತಿಯ ನಂತರ ಕಾಯಲು ಕೊಠಡಿಯಿಲ್ಲದೆ, ಅವರ ಕಾಲುಗಳು ಊಟದ ಹೊತ್ತಿಗೆ ಸರಿಯಾಗಿ ಕ್ಯಾಂಟೀನಿಗೆ ಬರತೊಡಗಿದವು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೇಜುಗಳ ಸಾಲಿನ ನಡುವೆ ಮೆಲ್ಲಗೆ ನಡೆಯುವರು. ಯಾವುದಾದರೊಂದು ತಟ್ಟೆಯ ಬಳಿ ನಿಂತು, ತುತ್ತು ಬಾಯಿಗೆ ಹೋಗುವ ದಾರಿಯನ್ನು ಕಣ್ಣಲ್ಲೇ ಹಿಂಬಾಲಿಸುವರು. “ಊಟ ಮಾಡಿ ಭಾವ” ಎಂದರೆ, “ನಂದಾಯ್ತಮ್ಮ” ಎಂಬ ಒಂದೇ ಉತ್ತರ. ಮುದ್ರಣಾಲಯದ ಕೆಲಸಗಾರರಿಗೆ ಅನ್ನ ಗಂಟಲಲ್ಲಿ ಇಳಿಯದಾಯಿತು. ಒಬ್ಬೊಬ್ಬರಾಗಿ ಎದುರು ಬೀದಿಯ ಅಂಗಡಿಗೆ ಜಾರಿದರು. ಹೀಗೇ ಆದರೆ ಕ್ಯಾಂಟೀನಿನ ಒಲೆ ಆರಿಸುವುದೊಂದೇ ದಾರಿಯಾಗಿತ್ತು.

“ನೇರವಾಗಿ ಹೇಳ್ಬಿಡಮ್ಮ ದೊಡ್ಡಪ್ಪಂಗೆ,” ಎಂದಳು ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದ ಮಗಳು.

“ನನ್ನ ನಾಲಿಗೆ ಬಿದ್ದುಹೋಗುತ್ತೆ. ಹೇಳಿದ ಹಾಗೂ ಆಗ್ಬೇಕು, ಹೇಳದ ಹಾಗೂ ಇರ್ಬೇಕು.”

ಮಗಳು ನಕ್ಕಳು. “ಹಾಗಾದ್ರೆ ಇಂಗ್ಲಿಷಲ್ಲಿ ಒಂದು ಪದ ಇದೆ. ಗ್ರೋಕ್. ತಿನ್ನೋರ ಮುಂದೆ, ನನ್ನನ್ನೂ ಕರೀಲಿ ಅಂತ, ಬಾಯಿ ಬಿಡದೆ ನೋಡ್ತಾ ನಿಲ್ಲೋದು.”

“ಅಷ್ಟೆಲ್ಲಕ್ಕೂ ಒಂದೇ ಮಾತಾ!”

“ಒಂದೇ. ಇಂಗ್ಲಿಷಿನವರೇ ಅದನ್ನ ಮರೆತುಬಿಟ್ಟಿದಾರೆ.”

“ಮರೆತಿದ್ರೆ ಒಳ್ಳೇದೇ ಆಯ್ತು. ಸವೆದಿರಲ್ಲ.”

ಮರುದಿನ ಗೋಡೆಯ ಮೇಲೆ ಬೋರ್ಡು ಬಂತು: ಇಲ್ಲಿ ಗ್ರೋಕ್ ಮಾಡಕೂಡದು.

ಅರ್ಥ ಯಾರಿಗೂ ತಿಳಿಯದ್ದರಿಂದ ಅದು ಎಲ್ಲರಿಗೂ ತಗುಲಿತು. ಮೇಜಿನಡಿ ಚಪ್ಪಲಿ ಕಳಚುತ್ತಿದ್ದವನು ಮೆಟ್ಟಿಕೊಂಡೇ ಕುಳಿತ. ಸೂಪನ್ನು ಸೊರ್ರೆಂದು ಹೀರುತ್ತಿದ್ದ ಬೈಂಡರು ಚಮಚದ ತುದಿಯಿಂದ ಔಷಧಿಯಂತೆ ಕುಡಿಯತೊಡಗಿದ. ಮೀಸೆ ಎಂದೇ ಹೆಸರಾದ, ಮುದ್ರಣಯಂತ್ರ ನಡೆಸುವವನು ಮಾತ್ರ, “ಅಕ್ಕಾ, ನಾನೇನಾದ್ರೂ ಗ್ರೋಕ್ ಮಾಡ್ತಿದ್ರೆ ಇಲ್ಲೇ ಹೇಳ್ಬಿಡಿ. ಮನೇಲಿ ಹೆಂಡ್ತಿಗೆ ಗೊತ್ತಾಗೋದು ಬೇಡ” ಎಂದ.

ಭಾವ ಬೋರ್ಡಿನ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಯಜಮಾನಿಯ ಮಗಳನ್ನು ಕರೆದು ಅರ್ಥ ಕೇಳಿದರು. ಅವಳು ತಡವರಿಸುತ್ತಲೇ, ಒಂದಕ್ಷರ ಬಿಡದೆ ಹೇಳಿದಳು. ಯಜಮಾನಿ ಗಲ್ಲಾದ ಹಿಂದೆ ತಲೆ ತಗ್ಗಿಸಿದಳು.

“ಛೆ! ಎಂಥ ಹೇಸಿಗೆ ಚಾಳಿ! ಯಾರಮ್ಮ ಅವನು?” ಎಂದು ಭಾವ ಆಕೆಯತ್ತ ತಿರುಗಿದರು.

ಆಕೆ ಗಲ್ಲಾದ ಚಿಲ್ಲರೆ ಎಣಿಸತೊಡಗಿದಳು.

“ಹೇಳ್ಬೇಡ ಬಿಡು, ನಿಂಗೆ ದಾಕ್ಷಿಣ್ಯ. ಇನ್ನು ನಾನಿದೀನಿ. ಒಬ್ಬೊಬ್ಬರನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ.”

ನೋಡಿಕೊಂಡರು ಕೂಡ. ಪಕ್ಕದವನ ತಟ್ಟೆಯತ್ತ ಕಣ್ಣು ಹಾಯಿಸಿದ ಬೈಂಡರನ್ನು ಎಬ್ಬಿಸಿ, ಗೋಡೆಗೆ ಮುಖ ಮಾಡಿ ಕೂರಿಸಿದರು. ಉಪ್ಪು ಕೇಳಿದ ಮೀಸೆಗೆ “ಮಾತಿಲ್ಲ” ಎಂದರು. ಊಟದ ಬಿಡುವು ಮುಗಿಯುತ್ತ ಬಂದಾಗ “ಕೊನೆಯ ಹತ್ತು ನಿಮಿಷ!” ಎಂದು ಕೂಗಿದರು, ಗಾಬರಿಯಲ್ಲಿ ಒಬ್ಬ ಇಡೀ ಮೊಟ್ಟೆ ನುಂಗಿ ಕಣ್ಣು ಮೇಲೆ ಮಾಡಿದ.

“ಅಕ್ಕಾ, ನಾಳೆಯಿಂದ ನಾವ್ಯಾರೂ ಬರಲ್ಲ,” ಎಂದು ಮೀಸೆ ಎದ್ದೇಬಿಟ್ಟ. “ಇಲ್ಲಿ ಊಟ ಮಾಡಿದ್ರೆ ಫೇಲಾಗ್ತೀವಿ.”

ಯಜಮಾನಿ ಗಲ್ಲಾ ಬಿಟ್ಟು ಬಂದಳು. ನಟ್ಟನಡುವೆ ಕುರ್ಚಿ ಎಳೆದು, ಮೇಜಿನ ಮೇಲೆ ತುಂಬಿದ ತಟ್ಟೆಯನ್ನು ಇಟ್ಟಳು.

“ಕೂತ್ಕೊಳ್ಳಿ ಭಾವ.”

“ನಂದಾಯ್ತಮ್ಮ.”

“ಏನು ಊಟ ಮಾಡಿದ್ರಿ?”

ಮದುವೆಯಾಗಿ ಬಂದಂದಿನಿಂದ ಆಕೆ ಅವರಿಗೆ ಹಾಕಿದ ಮೊದಲ ಪ್ರಶ್ನೆ ಅದು. ಜೀವಮಾನವಿಡೀ ಪ್ರಶ್ನೆಪತ್ರಿಕೆ ಹಂಚಿದವರಿಗೆ ಉತ್ತರ ಹೊಳೆಯಲಿಲ್ಲ. ಕುಳಿತರು.

ಇಡೀ ಕ್ಯಾಂಟೀನು ಚಮಚ ಕೆಳಗಿಟ್ಟು ಅವರನ್ನೇ ನೋಡಿತು. ಭಾವನ ತುತ್ತು ಗಾಳಿಯಲ್ಲೇ ನಿಂತಿತು.

“ಅವರವರ ತಟ್ಟೆ ನೋಡ್ಕೊಳ್ರಪ್ಪ!” ಎಂದು ಗದರಿದರು.

ತಲೆಗಳು ತಗ್ಗಿದವು. ತುತ್ತು ಇಳಿಯಿತು, ಅದರ ಬೆನ್ನಿಗೆ ಇನ್ನೊಂದು. ತಟ್ಟೆ ಎರಡನೆಯ ಸಲ ತುಂಬಿತು. ಮೀಸೆ ಮರಳಿ ಕುಳಿತು, ಜೋರಾಗಿಯೇ ಉಪ್ಪು ಕೇಳಿದ. ಯಾರೂ ತಡೆಯಲಿಲ್ಲ.

ಯಜಮಾನಿ ಗಲ್ಲಾಕ್ಕೆ ಮೊಣಕೈಯೂರಿ, ಭಾವ ಉಣ್ಣುವುದನ್ನೇ ನೋಡುತ್ತ ಮೈಮರೆತಳು. ಅವರು ತಲೆಯೆತ್ತದೆ, ಕೈಯಲ್ಲಿದ್ದ ಚಮಚದಿಂದಲೇ ಬೋರ್ಡಿನತ್ತ ತೋರಿಸಿದರು.