ಅಪ್ಪನ ಗ್ರಾಫಿಕ್ಸ್ ಕಾರ್ಡು, ಹಳೇ ಕಾರಿನ ದೀಪ

ಭದ್ರಾವತಿಯ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದ ಅಪ್ಪ ನಿವೃತ್ತರಾದ ಮೇಲೆ ನಾವು ಶಿವಮೊಗ್ಗದ ವಿದ್ಯಾನಗರಕ್ಕೆ ಬಂದೆವು. ನಾನು ಟೈಪಿಂಗ್ ಕೆಲಸಕ್ಕೆಂದು ಇಟ್ಟುಕೊಂಡಿದ್ದ ಹಳೆಯ ಕಂಪ್ಯೂಟರು ಮೆಲ್ಲಗೆ ಅವರ ವಶವಾಯಿತು. ಅದರಲ್ಲಿ ಲಾರಿ ಓಡಿಸುವ ಆಟವೊಂದು ಅವರಿಗೆ ಹಿಡಿಸಿಬಿಟ್ಟಿತ್ತು. ಆದರೆ ತಿರುವು ಬಂದಾಗಲೆಲ್ಲ ಚಿತ್ರ ಗಕ್ಕನೆ ನಿಲ್ಲುತ್ತಿತ್ತು. ಮತ್ತೆ ಚಲಿಸುವಷ್ಟರಲ್ಲಿ ಲಾರಿ ಹಳ್ಳದಲ್ಲಿರುತ್ತಿತ್ತು.

“ತಪ್ಪು ನಂದಲ್ಲ, ರಸ್ತೆನೇ ಲೇಟಾಗಿ ಬರ್ತಿದೆ,” ಎನ್ನುತ್ತಿದ್ದರು.

ಚಿತ್ರಗಳನ್ನು ಚುರುಕಾಗಿ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದರೆ ಸರಿಹೋಗುತ್ತದೆ ಎಂದ ಕಂಪ್ಯೂಟರ್ ಅಂಗಡಿಯವನು ಒಂದು ಎಚ್ಚರಿಕೆಯನ್ನೂ ಕೊಟ್ಟ. “ನಿಮ್ದು ಹಳೇ ಮಷೀನು ಸರ್. ಒಳಗಿರೋ ಪವರ್ ಸಪ್ಲೈ ಕಾರ್ಡಿನ ಲೋಡ್ ತಡೆಯುತ್ತಾ ನೋಡ್ಕೊಂಡು ಬನ್ನಿ.”

ಮನೆಗೆ ಬಂದು ಕಂಪ್ಯೂಟರ್ ಬಿಚ್ಚಿದೆವು. ಪವರ್ ಸಪ್ಲೈ ಮೇಲಿನ ಚೀಟಿಯಲ್ಲಿ ನಾನೂರು ವಾಟ್ ಎಂದು ದಪ್ಪಕ್ಷರದಲ್ಲಿತ್ತು. ಸಾಕಲ್ಲ ಎಂದೆ.

“ಬರೆದಿದ್ದನ್ನ ನಂಬಿದ್ರೆ ಕ್ರೇನಿನ ಕೆಳಗೆ ನಿಂತೋರು ಯಾರೂ ಉಳೀತಿರ್ಲಿಲ್ಲ. ಎತ್ತಿ ನೋಡ್ಬೇಕು,” ಎಂದರು ಅಪ್ಪ.

ಎತ್ತಿ ನೋಡುವವರು ಭದ್ರಾವತಿಯಲ್ಲಿದ್ದರು: ಅಪ್ಪನ ಹಳೆಯ ಗೆಳೆಯ, ಅದೇ ಕಾರ್ಖಾನೆಯ ನಿವೃತ್ತ ಎಲೆಕ್ಟ್ರಿಷಿಯನ್. ಭಾನುವಾರ ಬೆಳಿಗ್ಗೆ ಕಂಪ್ಯೂಟರಿನ ಡಬ್ಬಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಪಕ್ಕದ ಅಜ್ಜಿಯೊಬ್ಬರು ದೇವರೆಂದುಕೊಂಡು ಕೈಮುಗಿದರು. ಅಪ್ಪ ತಿದ್ದಲಿಲ್ಲ.

ಗೆಳೆಯರ ಮನೆ ಮುಂದೆ ದೊಡ್ಡ ರಂಗೋಲಿ, ಒಳಗೆ ಕೇಸರಿಬಾತಿನ ಘಮ. ನಮಗೇ ಇರಬೇಕೆಂದು ನಾವು ಸಂಕೋಚಪಟ್ಟೆವು.

“ಬಾ ಮಾರಾಯ, ಸರಿಯಾದ ಟೈಮಿಗೆ ಬಂದೆ!” ಎಂದು ಗೆಳೆಯರು ಟೀಪಾಯಿಯ ಮೇಲಿದ್ದ ಹೂದಾನಿ ಸರಿಸಿ, ಹಳೇ ಕಾರುಗಳಿಂದ ಬಿಚ್ಚಿದ್ದ ಮೂರು ಹೆಡ್‌ಲೈಟ್ ತಂದರು. “ಎರಡು ದೀಪ ನಿನ್ನ ಕಂಪ್ಯೂಟರಿನ ಲೋಡು ಅಂತಿಟ್ಕೋ. ಮೂರನೇದು ಕಾರ್ಡು. ಮೂರೂ ಉರಿದ್ರೆ ಪಾಸು.”

ಪವರ್ ಸಪ್ಲೈಯ ವೈರು ತಾಗಿಸಿದೊಡನೆ ಮೊದಲ ದೀಪ ಹೊತ್ತಿಕೊಂಡಿತು. ಆಗಲೇ ಅವರ ಹೆಂಡತಿ ಅಡುಗೆಮನೆಯಿಂದ ಓಡಿಬಂದರು.

“ಅಯ್ಯೋ, ಗಂಡಿನ ಕಡೆಯವ್ರು ಬಂದ್ರು! ಎತ್ರೀ ಅದನ್ನ!”

ಅಂದು ಅವರ ಮಗಳನ್ನು ನೋಡಲು ಬರುವವರಿದ್ದಾರೆಂದು ನಮಗೆ ತಿಳಿದದ್ದೇ ಆಗ.

“ಕಾದಿದೆ ಕಣೇ, ಈಗ ಮುಟ್ಟೋ ಹಾಗಿಲ್ಲ,” ಎಂದರು ಗೆಳೆಯರು.

ಗಂಡಿನ ಕಡೆಯವರು ಆ ಬೆಳಕಿನ ಎದುರಿಗೇ ಸಾಲಾಗಿ ಕೂತು ಕಣ್ಣು ಕಿರಿದುಮಾಡಿಕೊಂಡರು. ಹುಡುಗನ ತಂದೆಗೆ ಅಕ್ಕಿ ಗಿರಣಿಯಿತ್ತು. ಲೋಡ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. “ಎರಡನೇದು ಕೊಡಿ ನೋಡೋಣ,” ಎಂದರು.

ಎರಡನೆಯದು ಹೊತ್ತಿದ ಹೊತ್ತಿಗೆ ಹುಡುಗಿ ಕಾಫಿ ತಟ್ಟೆ ಹಿಡಿದು ಬಂದಳು. “ಎಲ್ಲಿಡ್ಲಿ?” ಎಂದಳು. ಟೀಪಾಯಿ ತುಂಬ ವೈರುಗಳಿದ್ದವು. ಮೂರನೆಯ ದೀಪಕ್ಕೂ ಜಾಗವಿರಲಿಲ್ಲ.

“ನೀನ್ ಹಿಡ್ಕೊಳಪ್ಪ ಇದನ್ನ,” ಎಂದು ಗೆಳೆಯರು ಅದನ್ನು ಹುಡುಗನ ಕೈಗೆ ಕೊಟ್ಟರು. ಅವನು ವಿಧೇಯನಾಗಿ ಎದ್ದು ನಿಂತು ದೀಪವನ್ನು ನೇರ ಹುಡುಗಿಯತ್ತ ಹಿಡಿದ. ಗೆಳೆಯರು ವೈರು ತಾಗಿಸಿದರು. ಪವರ್ ಸಪ್ಲೈ ಟಕ್ ಎಂದಿತು. ಎಲ್ಲ ದೀಪಗಳೂ ಆರಿದವು.

“ನಾನೇನೂ ಮಾಡ್ಲಿಲ್ಲ,” ಎಂದ ಹುಡುಗ. ಆ ಮನೆಯಲ್ಲಿ ಅವನಾಡಿದ ಮೊದಲ ಮಾತು ಅದು. ಹುಡುಗಿ ತಟ್ಟೆಯನ್ನು ನನ್ನ ಕೈಗೆ ತುರುಕಿ, ನಗು ತಡೆಯಲಾರದೆ ಒಳಗೆ ಓಡಿದಳು.

“ಫೇಲು,” ಎಂದು ಅಪ್ಪ ತೃಪ್ತಿಯಿಂದ ತೀರ್ಪು ಕೊಟ್ಟರು. ಅದು ಪವರ್ ಸಪ್ಲೈಗೆ ಹೇಳಿದ್ದೆಂದು ಹುಡುಗನ ತಾಯಿಗೆ ಬಿಡಿಸಿ ಹೇಳಲು ನಾನು ಬಹಳ ಕಷ್ಟಪಡಬೇಕಾಯಿತು.

ಆ ವಾರವೇ ದೊಡ್ಡ ಪವರ್ ಸಪ್ಲೈ, ಕಾರ್ಡು ಎರಡನ್ನೂ ಹಾಕಿಸಿದೆವು. ಆಟ ಸರಾಗವಾಗಿ ಓಡಿತು. ಗಂಡಿನ ಕಡೆಯವರು ಒಪ್ಪಿಗೆ ಕಳಿಸಿದರು. ಹುಡುಗಿ ಮಾತ್ರ, “ಒಂದ್ಸಲ ಸಾದಾ ಬೆಳಕಲ್ಲಿ ನೋಡಿ ಹೇಳ್ತೀನಿ,” ಎಂದಳಂತೆ. ಎರಡೂ ಮನೆಯವರು ಹುಡುಗ ಹುಡುಗಿಯನ್ನು ತ್ಯಾವರೆಕೊಪ್ಪದ ಹುಲಿ-ಸಿಂಹ ಸಫಾರಿಗೆ ಕರೆದೊಯ್ದರು. ಸಫಾರಿ ಬಸ್ಸಿನಲ್ಲಿ ಎಲ್ಲರೂ ಹುಲಿ ನೋಡುತ್ತಿದ್ದಾಗ ಅವಳು ಹುಡುಗನನ್ನು ನೋಡಿ, ಆಗಬಹುದು ಎಂದಳು.