ಕೊರಿಯಾ ಸೊಸೆಗೆ ಮಡಿಲಕ್ಕಿ

ನನ್ನ ಸೊಸೆ ಕೊರಿಯಾದವಳು. ಅವಳಿಗೂ ನನ್ನ ಮಗನಿಗೂ ಇಲ್ಲೇ ಅಮೆರಿಕದ ಪಾರ್ಸಿಪನಿಯಲ್ಲಿ ಕೆಲಸ, ಅಲ್ಲೇ ಬಾಡಿಗೆ ಮನೆ. ಮಾನ್ಮತ್ ಜಂಕ್ಷನ್ ಎಂಬ ಊರಿನ ನಮ್ಮ ಮನೆಗೆ ಬಂದು ಹೊರಟಾಗಲೆಲ್ಲ ಅವಳಿಗೆ ಮಡಿಲು ತುಂಬಿ ಕಳಿಸುತ್ತಿದ್ದೆ. ಅಕ್ಕಿ, ತೆಂಗಿನಕಾಯಿ, ಒಂದು ರವಿಕೆ ಕಣ. ಜೀನ್ಸ್ ತೊಟ್ಟ ಹುಡುಗಿ ನನ್ನದೊಂದು ದುಪಟ್ಟಾ ಹೊದ್ದು ಸೆರಗಿನ ಹಾಗೆ ಒಡ್ಡುತ್ತಿದ್ದಳು. ಯಾಕೆಂದು ಕೇಳಿದವಳಲ್ಲ. ನಾನು ದೇವರಲ್ಲಿ ಬೇಡುತ್ತಿದ್ದುದು ಒಂದೇ, ಈ ಮನೆಯಲ್ಲೊಂದು ಮಗು ಓಡಾಡಲಿ. ಮಗನ ಹತ್ತಿರ ಬಾಯಿಬಿಟ್ಟರೆ "ಅಮ್ಮಾ, ಪ್ಲೀಸ್, ನಾಟ್ ಅಗೇನ್" ಅನ್ನುತ್ತಿದ್ದ. ನಾನೂ ಹಿಡಿದ ಪಟ್ಟು ಬಿಡುವವಳಲ್ಲ.

ಈ ಏಪ್ರಿಲ್‌ನಲ್ಲಿ ಕೊರಿಯಾದಿಂದ ಬೀಗಿತ್ತಿ ಬಂದರು. ತಮ್ಮ ಊರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದವರು. ಅವರ ಭಾಷೆ ನನಗೆ ಬಾರದು, ಅವರ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೂ ಎದುರುಬದುರು ಕೂತು ಬೆಳ್ಳುಳ್ಳಿ ಸುಲಿಯುತ್ತಲೇ ಹೊಂದಿಕೊಂಡುಬಿಟ್ಟೆವು. ಇವರೂ ನನ್ನ ಜೊತೆ ಸೇರಿದರೆ ಮಕ್ಕಳು ದಾರಿಗೆ ಬರುತ್ತಾರೆ ಎಂದು ಒಳಗೊಳಗೇ ಲೆಕ್ಕ ಹಾಕಿದೆ.

ಎಲ್ಲರೂ ಹೊರಟಾಗ ಎಂದಿನಂತೆ ಮಡಿಲು ತುಂಬಿದೆ. ಬೀಗಿತ್ತಿ ಮಗಳನ್ನು ಏನೋ ಕೇಳಿದರು. ಇದು ಏತಕ್ಕೆ ಎನ್ನುತ್ತಿದ್ದಾರೆ ಎಂದು ಸೊಸೆ ನನ್ನತ್ತ ತಿರುಗಿದಳು. ಸಿಕ್ಕಿತಲ್ಲ ಅವಕಾಶ ಎಂದು ಹೇಳಿಯೇಬಿಟ್ಟೆ, ಮಕ್ಕಳಾಗಲಿ ಅಂತ. ಸೊಸೆಯ ಮುಖ ಬಾಡಿತು. ತಾಯಿಗೆ ಹೇಳಿದಳು. ಬೀಗಿತ್ತಿ ನಗುತ್ತಾರೆ, ನನ್ನ ಪಕ್ಷ ವಹಿಸುತ್ತಾರೆ ಎಂದು ಕಾದರೆ, ಅವರು ಮೆಟ್ಟಿಲ ಮೇಲೆ ಕುಸಿದು ಕೂತರು.

ಅವರು ಹೇಳಿದ್ದನ್ನು ಸೊಸೆ ಇಂಗ್ಲಿಷಿನಲ್ಲಿ ನನಗೆ ದಾಟಿಸಿದಳು. ಚಿಕ್ಕಂದಿನಲ್ಲಿ ಅವರ ಮನೆಯಲ್ಲಿ ಹೊಟ್ಟೆ ತುಂಬ ಊಟವಿರಲಿಲ್ಲ. ಒಂದೇ ತಲೆಮಾರಿನಲ್ಲಿ ಕಾರ್ಖಾನೆ, ಕಾರು, ಎತ್ತರದ ಅಪಾರ್ಟ್‌ಮೆಂಟು ಎಲ್ಲ ಬಂತು. ಮಕ್ಕಳು ಹಿಂದೆ ಬೀಳಬಾರದೆಂದು ಶಾಲೆಯಿಂದ ಟ್ಯೂಷನ್ನಿಗೆ, ಅಲ್ಲಿಂದ ಇನ್ನೊಂದು ಟ್ಯೂಷನ್ನಿಗೆ ಓಡಿಸಿದರು. ಈಗ ಅಷ್ಟು ಓದಿದವರಿಗೂ ಒಳ್ಳೆಯ ಕೆಲಸ ಸಿಗುವುದು ಕಷ್ಟ, ಸ್ವಂತ ಮನೆಯಂತೂ ಕನಸು. ಹಾಗಾಗಿ ತಮಗೆ ಮಕ್ಕಳ ಸಹವಾಸವೇ ಬೇಡ ಅನ್ನುತ್ತಾರೆ. ಬೀಗಿತ್ತಿ ಪಾಠ ಹೇಳಿದ ಶಾಲೆಗೆ ಸೇರಲು ಮಕ್ಕಳೇ ಇಲ್ಲದೆ ಬಾಗಿಲು ಹಾಕಿದರಂತೆ. ಅಲ್ಲೀಗ ಮುದುಕರ ಡೇ ಕೇರ್. ಬೀಗಿತ್ತಿ ಹಗಲು ಹೊತ್ತು ಅಲ್ಲಿಗೇ ಹೋಗುತ್ತಾರಂತೆ, ತಾವು ಪಾಠ ಹೇಳಿದ ಕೋಣೆಗೆ.

ಆಮೇಲೆ ಅವರು ಮಗಳ ಕೈ ಹಿಡಿದು ಇನ್ನೇನೋ ಹೇಳಿದರು. ಸೊಸೆ ಅದನ್ನು ನನಗೆ ಹೇಳಲಿಲ್ಲ. ದುಪಟ್ಟಾದ ಗಂಟನ್ನು ಹೊಟ್ಟೆಗೆ ಅವುಚಿಕೊಂಡು ಬಿಕ್ಕಿದಳು.

"ಏನಂತೋ?" ಎಂದೆ, ಅವರ ಭಾಷೆ ಅಷ್ಟಿಷ್ಟು ಕಲಿತಿದ್ದ ಮಗನಿಗೆ.

"ಚಿಕ್ಕೋಳಿದ್ದಾಗ ನಿನ್ನನ್ನ ಆಡೋಕೆ ಬಿಡಲಿಲ್ಲ, ಸಾರಿ ಅಂತ ಅವಳಿಗೆ ಹೇಳ್ತಿದಾರಮ್ಮ."

ಸೊಸೆ ಕಣ್ಣೊರೆಸಿಕೊಂಡು ಇಂಗ್ಲಿಷಿನಲ್ಲೇ ಹೇಳಿದಳು. ತನಗೂ ಮಗು ಬೇಕು, ತುಂಬ ಬೇಕು. ಆದರೆ ಬೆಳೆಸಲು ತನಗೆ ಗೊತ್ತಿರುವುದು ತಾನು ಬೆಳೆದ ಅದೊಂದೇ ದಾರಿ, ಟ್ಯೂಷನ್ನಿಂದ ಟ್ಯೂಷನ್ನಿಗೆ ಓಡಿಸುವುದು.

"ಐ ವುಡ್ ಡೂ ದ ಸೇಮ್, ಅಮ್ಮ. ಟು ಮೈ ಚೈಲ್ಡ್ ಟೂ."

ನನ್ನ ಎದೆ ಒಡೆಯಿತು. ಹಾಗೇನಿಲ್ಲ ಕಣೇ ಎಂದು ಹೇಳಬೇಕಿತ್ತು, ನಾನೂ ಹೋಗಿ ಬೀಗಿತ್ತಿಯ ಪಕ್ಕ ಮೆಟ್ಟಿಲ ಮೇಲೆ ಕೂತೆ.