ಬೆನ್ನ ಹಿಂದಕ್ಕೆ ಎಸೆದ ಚೌಕಟ್ಟು

ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಅವಳು. ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು. ಎಲ್ಲರ ಬಾಯಲ್ಲೂ ಕೆಸರಕ್ಕ. ಕಡಲಂಚಿನ ಉಪ್ಪುನೀರಲ್ಲಿ ಬೇರೂರಿ ನಿಂತ ಕಾಂಡ್ಲಾ ಕಾಡಿನ ಆರೋಗ್ಯ ನೋಡುವುದು ಅವಳ ಕೆಲಸ. ಮರದ ಚೌಕಟ್ಟೊಂದನ್ನು ಬೆನ್ನ ಹಿಂದಕ್ಕೆ ಎಸೆಯಬೇಕು. ಅದು ಬಿದ್ದಲ್ಲಿ ಮೊಳಕೆ ಇದೆಯೇ, ಏಡಿಯ ಬಿಲ ಇದೆಯೇ, ಕೆಸರಿನಿಂದ ಮೇಲೆದ್ದ ಉಸಿರುಬೇರು ಹೇಗಿದೆ ಎಂದು ನೋಡಿ ಕಚೇರಿಗೆ ತಿಳಿಸಬೇಕು. ನೋಡಿಕೊಂಡು ಎಸೆದರೆ ಕೈ ಒಳ್ಳೆಯ ಜಾಗವನ್ನೇ ಹುಡುಕುತ್ತದಲ್ಲ, ಅದಕ್ಕೇ ಈ ನಿಯಮ.

ಆ ಸಲ, ಕಾಡು ಸತ್ತಿದೆ ಎಂದಾದರೆ ಅದನ್ನು ಸವರಿ ದೋಣಿಕಟ್ಟೆ ಮಾಡುವುದೆಂದು ಕಚೇರಿಯಲ್ಲಿ ತೀರ್ಮಾನವಾಗಿತ್ತು. ಕಾಡಿನ ಬೆನ್ನಿಗೇ ತಂಗಿಯ ಮನೆ. ಕಾಡು ಹೋದರೆ ಮೊದಲ ಬಿರುಗಾಳಿಗೇ ಅಲೆ ಅಡುಗೆಮನೆಗೆ ನುಗ್ಗುತ್ತದೆ.

ಎಸೆದಳು. ಚೌಕಟ್ಟು ಚಿಗುರಿನ ನಡುವೆ ಬಿತ್ತು. ಮತ್ತೆ ಎಸೆದಳು, ಮತ್ತೆ ಚಿಗುರು. ಪಕ್ಕದಲ್ಲೇ ದೋಣಿಯಲ್ಲಿ ಕೂತಿದ್ದ ತಂಗಿಯ ಗಂಡ ಚಪ್ಪಾಳೆ ತಟ್ಟಿದ.

"ಭೇಷ್ ಅಕ್ಕಾ! ನಿನ್ ಬೆನ್ನಿಗೂ ಕಣ್ಣಿದೆ ಬಿಡು."

ಅವಳು ಚೌಕಟ್ಟನ್ನು ಎತ್ತಿಕೊಂಡಳು, ಮತ್ತೆ ಎಸೆಯಲಿಲ್ಲ. ಇಷ್ಟು ವರ್ಷ ತುಳಿದ ನೆಲ. ಕಣ್ಣು ಮುಚ್ಚಿದರೂ ಒಳ್ಳೆಯ ಮಗ್ಗುಲು ಯಾವುದೆಂದು ಕೈಗೆ ಗೊತ್ತು.

"ಇದು ಲೆಕ್ಕಕ್ಕಿಲ್ಲ. ನೀನು ಎಸಿ."

"ನನ್ ಮನೇನ ನನ್ ಕೈಲೇ ನೀರಿಗೆ ಹಾಕಿಸ್ತೀಯಾ?"

"ಬಾಯ್ಮುಚ್ಕೊಂಡು ಎಸಿಯಪ್ಪಾ. ನಿನಗೆ ಕೆಸರಲ್ಲಿ ಎಡ ಬಲ ಗೊತ್ತಿಲ್ಲ, ಅದೇ ಬೇಕಾಗಿರೋದು."

ಎಸೆದ. ಚೌಕಟ್ಟು ಬೋಳು ನೆಲಕ್ಕೆ ಬಿತ್ತು. ಮೊಳಕೆಯಿಲ್ಲ, ಏಡಿಯ ಸುಳಿವಿಲ್ಲ. ಉಸಿರುಬೇರುಗಳು ಕಪ್ಪಗಾಗಿ, ಮುಟ್ಟಿದರೆ ಕೈಗೇ ಕಳಚಿ ಬಂದವು.

"ಇನ್ನೊಂದ್ಸಲ ಎಸೀಲಾ?" ಅವನ ನಗು ಆರಿತ್ತು.

"ಬಿದ್ದಿದ್ದು ಬಿತ್ತು. ಹೀಗೇ ಇದೆ ಅಂತಲೇ ಹೇಳೋದು."

ಹೇಳಿದ್ದೇನೋ ಆಯಿತು, ನಿಲ್ಲಲಾಗಲಿಲ್ಲ. ಬೋಳು ನೆಲದ ಅಂಚು ಹಿಡಿದು ಮೊಣಕಾಲುದ್ದ ಕೆಸರಲ್ಲಿ ದಡಬಡ ನಡೆದಳು, ಅವನು ದೋಣಿಯಲ್ಲೇ ಹಿಂಬಾಲಿಸಿದ. ಕಡಲಿನ ನೀರು ಹೋಗಿಬರುವ ಕಾಲುವೆಯ ಬಾಯಿಗೆ ಯಾರೋ ಒಡೆದ ಗೋಡೆಯ ಕಲ್ಲು, ಗಾರೆ ಸುರಿದಿದ್ದರು. ಒಳಗಿನ ನೀರು ಹೊರಬರಲಾಗದೆ ಕೊಳೆತು ನಾರುತ್ತಿತ್ತು.

"ಸತ್ತಿಲ್ಲ ಕಣೋ, ಗಂಟಲು ಕಟ್ಟಿದೆ!" ಎಂದು ಕೂಗಿದಳು. "ಇದನ್ನೂ ಹೇಳ್ತೀನಿ. ನಂಬ್ತಾರೋ ಬಿಡ್ತಾರೋ, ಅವರಿಗೆ ಬಿಟ್ಟಿದ್ದು."

ಆಗಲೇ ಬಗ್ಗಿ ಕಲ್ಲು ಎತ್ತತೊಡಗಿದ್ದಳು. "ಏನು ಮಿಕಮಿಕ ನೋಡ್ತಾ ನಿಂತೆ? ಮನೆ ನಿಂದಲ್ವಾ? ಉಬ್ಬರ ಬರೋದ್ರೊಳಗೆ ಬಾ!"

ಅವನು ದೋಣಿಯಿಂದ ಧುಮುಕಿ ಸೊಂಟದವರೆಗೆ ಹೂತುಕೊಂಡ. ಕಲ್ಲುಗಳ ಸಂದಿಯಿಂದ ಕಪ್ಪು ನೀರು ನೂಲಿನಂತೆ ಜಾರಿ ಕಡಲಿನತ್ತ ಹೊರಟಿತು. ಅವಳು ಅದನ್ನು ನೋಡುತ್ತ ನಿಲ್ಲಲಿಲ್ಲ, ಮುಂದಿನ ಕಲ್ಲಿಗೆ ಕೈ ಹಾಕಿದಳು.